ಮೊದಲ ಮಾತುಕತೆಯಲ್ಲಿ ಮಗುವಿಗೂ ಒಂದು ಕುರ್ಚಿ

(ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಯೊಂದರ ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಅಧ್ಯಾಪಕರೊಬ್ಬರು ಮಾಡಿದ ಭಾಷಣದ ಬರಹರೂಪ)



ರಕ್ಷಕ-ಶಿಕ್ಷಕ ಸಂಘದ ಸಭೆ ಎಂದರೆ ಪರೀಕ್ಷೆಯ ಅಂಕ, ಮಧ್ಯಾಹ್ನದ ಊಟ, ಶಾಲೆಯ ಮಾಡಿನ ಸೋರಿಕೆ, ಈ ಮೂರು ವಿಷಯಗಳಲ್ಲೇ ಹೊತ್ತು ಕಳೆಯುವುದು ವಾಡಿಕೆ. ಇವತ್ತು ಅವುಗಳನ್ನು ಸ್ವಲ್ಪ ಬದಿಗಿಟ್ಟು ಬೇರೊಂದು ವಿಷಯ ಹೇಳಲು ಅಧ್ಯಕ್ಷರು ಅವಕಾಶ ಕೊಟ್ಟಿದ್ದಾರೆ. ನಮ್ಮಲ್ಲಿ ಕೆಲವರ ಮಕ್ಕಳಿಗೆ ನಡೆಯಲು, ಕೇಳಲು, ನೋಡಲು, ಮಾತನಾಡಲು ಅಥವಾ ಪಾಠ ಹಿಡಿಯಲು ತೊಂದರೆ ಇದೆ. ಅಂಥ ಮಗುವಿಗೆ ಏನಾದರೊಂದು ಸಹಾಯ ಸಿಗಲಿ ಎಂದು ಹೆತ್ತವರು ಮೊದಲ ಬಾರಿ ಒಂದು ಕಚೇರಿಗೋ ಬಿ.ಆರ್.ಸಿ.ಗೋ ಆಸ್ಪತ್ರೆಯ ಮೆಡಿಕಲ್ ಬೋರ್ಡಿಗೋ ಹೋಗುತ್ತಾರೆ. ಅಲ್ಲಿ ಮೇಜಿನ ಆಚೆ ಒಬ್ಬರು, ಈಚೆ ಇವರು. ಹದಿನೈದು ಇಪ್ಪತ್ತು ನಿಮಿಷದ ಮಾತು. ಆ ಮಾತಿನಲ್ಲಿ ಬಂದದ್ದು ಕಡತಕ್ಕೆ ಹೋಗುತ್ತದೆ, ಆ ಕಡತ ಮುಂದೆ ಎಷ್ಟೋ ವರ್ಷ ಮಗುವಿಗಿಂತ ಮುಂಚೆ ಎಲ್ಲ ಕಡೆಗೂ ಹೋಗಿ ಕುಳಿತಿರುತ್ತದೆ. ಆದುದರಿಂದ ಆ ಮೊದಲ ಮಾತುಕತೆ ಹೇಗೆ ನಡೆಯಬೇಕು, ಅದರಲ್ಲಿ ನಾವು ಹೇಗೆ ಕುಳಿತುಕೊಳ್ಳಬೇಕು ಎಂಬುದೇ ಇಂದಿನ ವಿಷಯ.

ಮೊದಲಿಗೆ ಹೆಸರಿನ ಮಾತು. ನಾನು ಬಿ.ಎಡ್. ಓದುವಾಗ ಪುಸ್ತಕದಲ್ಲಿ ‘ಅಂಗವಿಕಲ’ ಎಂದಿತ್ತು. ಆಮೇಲೆ ಗಡಿಯಾಚೆ ಕರ್ನಾಟಕದಲ್ಲಿ ‘ವಿಕಲಚೇತನ’ ಬಂತು, ‘ವಿಶೇಷಚೇತನ’ ಬಂತು. ಇಲ್ಲಿ ಮಲಯಾಳದಲ್ಲಿ ‘ಭಿನ್ನಶೇಷಿ’ ಎನ್ನುತ್ತಾರೆ. ಹೆಸರು ಬದಲಾದದ್ದು ಒಳ್ಳೆಯದೇ. ಆದರೆ ಹೊಸ ಹೆಸರಿನ ಫಲಕದ ಕೆಳಗೆ ಕುಳಿತವರು ಹಳೆಯ ರೀತಿಯಲ್ಲೇ ಮಾತನಾಡಿಸಿದರೆ ಫಲಕ ಬದಲಾಯಿಸಿದ ಖರ್ಚು ಮಾತ್ರ ಉಳಿಯಿತು. ಮಗುವನ್ನು ಅದರ ಹೆಸರಿನಿಂದಲೇ ಕರೆದರೆ ಅರ್ಧ ಸಮಸ್ಯೆ ಮುಗಿಯುತ್ತದೆ ಎಂಬುದು ನನ್ನ ಅಭಿಪ್ರಾಯ.

ಕಾನೂನಿನಲ್ಲಿ ಆದ ಬದಲಾವಣೆಯನ್ನೂ ಹೆತ್ತವರು ತಿಳಿದಿರಬೇಕು. 1995ರ ಕಾಯಿದೆಯಲ್ಲಿ ಏಳು ಬಗೆಯ ವೈಕಲ್ಯಗಳನ್ನು ಮಾತ್ರ ಹೇಳಿದ್ದರು. 2016ರಲ್ಲಿ ಹೊಸ ಕಾಯಿದೆಯಾಗಿ 2017ರ ಎಪ್ರಿಲ್‌ನಿಂದ ಜಾರಿಗೆ ಬಂತು. ಅದರಲ್ಲಿ 21 ಬಗೆಗಳಿವೆ. ಕಾಲು, ಕಣ್ಣು, ಕಿವಿ ಮಾತ್ರವಲ್ಲ. ಅಕ್ಷರ ಲೆಕ್ಕಗಳಲ್ಲಿ ಮಾತ್ರ ತೊಡಕಾಗುವ ಕಲಿಕಾ ನ್ಯೂನತೆ, ಆಟಿಸಂ, ಹಿಮೋಫಿಲಿಯಾ, ತಲಸೇಮಿಯಾ ಕೂಡ ಸೇರಿವೆ. ‘ನಮ್ಮ ಹುಡುಗನಿಗೆ ಕೈಕಾಲು ಸರಿ ಇದೆಯಲ್ಲ, ಅವನಿಗೆ ಯಾಕೆ ಸರ್ಟಿಫಿಕೇಟು’ ಎಂದು ಸುಮ್ಮನಿರುವವರು ನಮ್ಮ ನಡುವೆ ಇದ್ದಾರೆ. ಅವರಿಗಾಗಿ ಇದನ್ನು ಹೇಳಿದೆ.

ಇನ್ನು ಮಾತುಕತೆಯ ಕೋಣೆಗೆ ಬರೋಣ. ಸಾಮಾನ್ಯವಾಗಿ ಅಲ್ಲಿ ನಡೆಯುವುದು ಹೀಗೆ: ತಾಯಿ ಮಗುವನ್ನು ಸೊಂಟದಲ್ಲೋ ಕೈಹಿಡಿದೋ ಕರೆತಂದಿರುತ್ತಾಳೆ. ಕುರ್ಚಿ ಒಂದೇ. ತಾಯಿ ಕುಳಿತರೆ ಮಗು ನಿಲ್ಲಬೇಕು. ಬರೆದುಕೊಳ್ಳುವವರು ಮಗುವಿನ ಮುಖ ನೋಡುವುದಿಲ್ಲ, ತಾಯಿಯ ಮುಖವನ್ನೂ ಹೆಚ್ಚು ನೋಡುವುದಿಲ್ಲ, ಫಾರಂ ನೋಡುತ್ತಾರೆ. ‘ಏನು ತೊಂದರೆ? ಹುಟ್ಟಿನಿಂದಲೋ? ನಡೆಯುವುದಿಲ್ಲವೋ? ಮಾತಾಡುವುದಿಲ್ಲವೋ? ಒಂದಕ್ಕೆ ಎರಡಕ್ಕೆ ಹೇಳುವುದಿಲ್ಲವೋ?’ ಎಲ್ಲ ಪ್ರಶ್ನೆಗಳೂ ‘ಇಲ್ಲ’ ಎಂಬ ಉತ್ತರವನ್ನೇ ಕೇಳುವಂಥವು. ತಾಯಿ ‘ಇಲ್ಲ, ಇಲ್ಲ’ ಎನ್ನುತ್ತ ಹೋಗುತ್ತಾಳೆ. ಪಕ್ಕದಲ್ಲಿ ನಿಂತ ಮಗು ಎಲ್ಲವನ್ನೂ ಕೇಳುತ್ತಿರುತ್ತದೆ. ಮಾತನಾಡಲು ಬಾರದ ಮಗುವಿಗೆ ಕೇಳಿಸುವುದೂ ಇಲ್ಲ ಎಂದು ನಾವು ಯಾಕೆ ತಿಳಿಯುತ್ತೇವೋ ನನಗೆ ಇವತ್ತಿಗೂ ಅರ್ಥವಾಗಿಲ್ಲ.

2016ರ ಕಾಯಿದೆಯ ನಾಲ್ಕನೆಯ ವಿಧಿಯಲ್ಲಿ ಒಂದು ಮಾತಿದೆ. ವೈಕಲ್ಯವುಳ್ಳ ಮಕ್ಕಳಿಗೆ ತಮಗೆ ಸಂಬಂಧಪಟ್ಟ ಎಲ್ಲ ವಿಷಯಗಳಲ್ಲಿ ತಮ್ಮ ಅಭಿಪ್ರಾಯವನ್ನು ಮುಕ್ತವಾಗಿ ಹೇಳುವ ಹಕ್ಕು ಇತರ ಮಕ್ಕಳಿಗೆ ಸಮಾನವಾಗಿ ಇದೆ, ಅದಕ್ಕೆ ಬೇಕಾದ ನೆರವನ್ನು ಅವರ ವಯಸ್ಸು ಮತ್ತು ವೈಕಲ್ಯವನ್ನು ಗಮನಿಸಿ ಸರಕಾರ ಒದಗಿಸಬೇಕು ಎಂಬುದು ಅದರ ತಾತ್ಪರ್ಯ. ಭಾರತ 2007ರಲ್ಲಿ ಒಪ್ಪಿ ಸಹಿ ಹಾಕಿದ ವಿಶ್ವಸಂಸ್ಥೆಯ ಒಡಂಬಡಿಕೆಯಲ್ಲೂ ಇದೇ ಮಾತಿದೆ. ಅಂದರೆ ಮಗುವಿಗೆ ಕುರ್ಚಿ ಕೇಳುವುದು ಅಧಿಕಪ್ರಸಂಗವಲ್ಲ.

ನಮ್ಮ ಶಾಲೆಯಲ್ಲಿ ಕೆಲವು ವರ್ಷಗಳಿಂದ ನಾವು ಅನುಸರಿಸುತ್ತಿರುವ ಕ್ರಮವನ್ನು ಹೇಳುತ್ತೇನೆ. ಇಂಥ ಮಗು ಸೇರಲು ಬಂದ ದಿನ ಕಾಯಿಲೆಯ ಕಾಗದ ಮೊದಲು ಕೇಳುವುದಿಲ್ಲ. ಮಗುವಿನ ಎತ್ತರಕ್ಕೆ ಸರಿಯಾಗಿ ನಾವೂ ಸಣ್ಣ ಬೆಂಚಿನಲ್ಲಿ ಕುಳಿತುಕೊಳ್ಳುತ್ತೇವೆ. ಮೊದಲ ಪ್ರಶ್ನೆ ಮಗುವಿಗೆ. ಹೆಸರು, ಮನೆಯಲ್ಲಿ ಯಾರಿದ್ದಾರೆ, ದನ ಇದೆಯೋ, ನಾಯಿ ಇದೆಯೋ. ಉತ್ತರ ತಕ್ಷಣ ಬಾರದಿದ್ದರೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸುತ್ತೇವೆ. ಹತ್ತು ಎಣಿಸುವುದು ಸಣ್ಣ ಕೆಲಸ ಎಂದು ತೋರಬಹುದು, ಮಾಡಿ ನೋಡಿ. ಐದು ಎನ್ನುವಷ್ಟರಲ್ಲಿ ತಾಯಿ ಉತ್ತರ ಹೇಳಿಬಿಟ್ಟಿರುತ್ತಾಳೆ, ಇಲ್ಲವಾದರೆ ಮಾಷ್ಟ್ರೇ ಎರಡನೆಯ ಪ್ರಶ್ನೆ ಹಾಕಿರುತ್ತಾರೆ. ಕೆಲವು ಮಕ್ಕಳಿಗೆ ಮಾತು ಕಿವಿಯಿಂದ ಒಳಗೆ ಹೋಗಿ ನಾಲಗೆಯವರೆಗೆ ಬರಲು ಅಷ್ಟು ಹೊತ್ತು ಬೇಕು. ನಾವು ಕಾಯದಿದ್ದರೆ ಆ ಮಗು ಎಂದೂ ಉತ್ತರಿಸಿರುವುದಿಲ್ಲ, ಕಡತದಲ್ಲಿ ‘ಪ್ರತಿಕ್ರಿಯೆ ಇಲ್ಲ’ ಎಂದು ಬಿದ್ದಿರುತ್ತದೆ.

ಮಾತೇ ಬಾರದ ಮಗುವಾದರೆ? ಮಾತು ಬಾರದಿದ್ದರೂ ‘ಹೌದು’, ‘ಅಲ್ಲ’ ಎಂಬುದಕ್ಕೆ ಹೆಚ್ಚಿನ ಮಕ್ಕಳಲ್ಲೂ ಒಂದು ಗುರುತು ಇರುತ್ತದೆ. ಅದು ಮನೆಯವರಿಗೆ ಗೊತ್ತು, ಹೊರಗಿನವರಿಗೆ ಗೊತ್ತಿಲ್ಲ. ನಮ್ಮಲ್ಲಿದ್ದ ಒಬ್ಬ ಹುಡುಗಿಗೆ ಸೆರೆಬ್ರಲ್ ಪಾಲ್ಸಿ. ಅವಳು ಹೌದು ಎನ್ನಲು ಕಣ್ಣು ಮೇಲೆತ್ತುತ್ತಿದ್ದಳು, ಬೇಡ ಎನ್ನಲು ಮುಖ ತಿರುಗಿಸುತ್ತಿದ್ದಳು. ಅದನ್ನು ಅಜ್ಜಿ ಹೇಳಿಕೊಟ್ಟ ಮೇಲೆ ಅವಳಿಗೆ ಯಾವ ಬೆಂಚು ಬೇಕು, ಯಾರ ಪಕ್ಕ ಕುಳಿತುಕೊಳ್ಳಬೇಕು ಎಂದು ಅವಳನ್ನೇ ಕೇಳಿ ತಿಳಿದೆವು. ಆದುದರಿಂದ ಕಚೇರಿಗೆ ಹೋದಾಗ ನೀವು ಮೊದಲು ಹೇಳಬೇಕಾದದ್ದು ಕಾಯಿಲೆಯ ಹೆಸರಲ್ಲ. ‘ಇವಳು ಹೌದು ಅನ್ನುವುದು ಹೀಗೆ, ಅಲ್ಲ ಅನ್ನುವುದು ಹೀಗೆ’ ಎಂಬುದು.

ಆಮೇಲೆ ಹೆತ್ತವರ ಸರದಿ. ಅವರನ್ನು ನಾವು ‘ಏನು ತೊಂದರೆ’ ಎಂದು ಕೇಳುವುದಿಲ್ಲ. ‘ಬೆಳಿಗ್ಗೆ ಎದ್ದಲ್ಲಿಂದ ರಾತ್ರಿ ಮಲಗುವವರೆಗೆ ನಿನ್ನೆಯ ದಿನ ಹೇಗೆ ಹೋಯಿತು ಅಕ್ಕ, ಹೇಳಿ’ ಎನ್ನುತ್ತೇವೆ. ಹೀಗೆ ಕೇಳಿದಾಗ ಬರುವ ವಿವರ ಯಾವ ಫಾರಂನಲ್ಲೂ ಬರುವುದಿಲ್ಲ. ಒಬ್ಬ ಹುಡುಗನ ಬಗ್ಗೆ ‘ಲೆಕ್ಕ ಎಂಬುದೇ ತಲೆಗೆ ಹೋಗುವುದಿಲ್ಲ’ ಎಂಬ ವರದಿ ಬಂದಿತ್ತು. ತಾಯಿ ದಿನದ ಕಥೆ ಹೇಳುತ್ತ ಹೇಳುತ್ತ, ಸಂಜೆ ಅಜ್ಜನ ಜತೆ ಕುಳಿತು ಸುಲಿದ ಅಡಕೆ ವಿಂಗಡಿಸುತ್ತಾನೆ ಎಂದರು. ಪಟೋರ ಬೇರೆ, ಕೋಕ ಬೇರೆ, ಕರಿಗೋಟು ಬೇರೆ, ಒಂದೂ ತಪ್ಪುವುದಿಲ್ಲವಂತೆ. ಅಡಕೆ ವಿಂಗಡಿಸಲು ದೊಡ್ಡವರೇ ತಡಕಾಡುವುದನ್ನು ನಾವು ಕಂಡಿದ್ದೇವೆ! ಅವನ ಲೆಕ್ಕದ ಪಾಠ ಮರುದಿನ ಒಂದು ಸೇರು ಅಡಕೆಯಿಂದ ಆರಂಭವಾಯಿತು. ಗುಂಪು ಮಾಡುವುದು, ಹೆಚ್ಚು ಕಡಿಮೆ ಹೇಳುವುದು, ಹತ್ತರ ಕಟ್ಟು. ಎಲ್ಲವೂ ಬಂದುಬಿಟ್ಟಿತು ಎಂದು ಸುಳ್ಳು ಹೇಳುವುದಿಲ್ಲ. ಭಾಗಾಕಾರ ಬರಲಿಲ್ಲ. ಆದರೆ ಅಂಗಡಿಗೆ ಹೋಗಿ ಚಿಲ್ಲರೆ ಎಣಿಸಿ ತರುವಷ್ಟು ಬಂತು.

ಕೇಳದೆ ಹೋದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ. ಒಂದು ಮನೆಗೆ ಶಿಬಿರದಿಂದ ಗಾಲಿಕುರ್ಚಿ ಬಂತು. ಒಳ್ಳೆಯ ಕುರ್ಚಿ. ಆ ಮನೆಗೆ ಹೋಗಬೇಕಾದರೆ ರಸ್ತೆಯಿಂದ ಇಳಿದು ತೋಟದೊಳಗೆ ನಡೆದು ತೋಡಿನ ಸಂಕ ದಾಟಬೇಕು. ಸಂಕವೆಂದರೆ ಎರಡು ಅಡಕೆಮರ. ಕುರ್ಚಿ ಎಲ್ಲಿ ಓಡಾಡಬೇಕು? ಅದು ಹಟ್ಟಿಯ ಮೂಲೆಯಲ್ಲಿ ಸೌದೆ ಹೊತ್ತು ಕುಳಿತಿದೆ. ಫಾರಂನಲ್ಲಿ ‘ಚಲನ ವೈಕಲ್ಯ, ಗಾಲಿಕುರ್ಚಿ’ ಎಂದು ಬರೆದವರು ತಪ್ಪು ಬರೆಯಲಿಲ್ಲ, ‘ನಿಮ್ಮ ಮನೆಗೆ ದಾರಿ ಹೇಗೆ’ ಎಂಬ ಒಂದು ಪ್ರಶ್ನೆ ಕೇಳಲಿಲ್ಲ ಅಷ್ಟೆ. ಅವರು ಕೇಳದಿದ್ದರೆ ನೀವು ಹೇಳಿ. ‘ಸಾರ್, ಕುರ್ಚಿಗಿಂತ ಮೊದಲು ಸಂಕ ಆಗಬೇಕು’ ಎನ್ನಿ. ಆ ಮಾತನ್ನು ಅರ್ಜಿಯಾಗಿ ಬರೆದು ಪಂಚಾಯತಿಗೂ ಕೊಡಿ.

ಈಗ ಭಾಷೆಯ ವಿಷಯಕ್ಕೆ ಬರುತ್ತೇನೆ. ನಮ್ಮ ಕಷ್ಟ ಬೇರೆಯವರ ಕಷ್ಟಕ್ಕಿಂತ ಒಂದು ಪಟ್ಟು ಹೆಚ್ಚಾಗುವುದು ಇಲ್ಲಿಯೇ. ನಮ್ಮ ಮಕ್ಕಳ ಮನೆಮಾತು ತುಳು ಇರಬಹುದು, ಹವ್ಯಕ ಇರಬಹುದು, ಕೊಂಕಣಿ, ಮರಾಠಿ, ಬ್ಯಾರಿ ಇರಬಹುದು. ಶಾಲೆಯ ಭಾಷೆ ಕನ್ನಡ. ಕಚೇರಿಯ ಭಾಷೆ ಮಲಯಾಳ. ಮೂರು ಮೆಟ್ಟಿಲು. ಸರಿಯಾಗಿ ನಡೆಯಬಲ್ಲ ಮಗುವೇ ಎಡವುವ ಮೆಟ್ಟಿಲುಗಳು ಇವು.

ತುಳು ಮನೆಯ ಒಬ್ಬ ಚಿಕ್ಕ ಹುಡುಗನನ್ನು ಪರೀಕ್ಷಿಸುವವರು ಪ್ರೀತಿಯಿಂದಲೇ ‘ನಿಂಡೆ ಪೇರೆಂದಾ?’ ಎಂದು ಕೇಳಿದರು. ಮಲಯಾಳದಲ್ಲಿ ‘ಪೇರ್’ ಎಂದರೆ ಹೆಸರು. ತುಳುವಿನಲ್ಲಿ ‘ಪೇರ್’ ಎಂದರೆ ಹಾಲು. ಹುಡುಗ ತಾನು ಬೆಳಿಗ್ಗೆ ಹಾಲು ಕುಡಿದ ಸಂಗತಿಯನ್ನೂ ದನ ಕರು ಹಾಕಿದ ಸಂಗತಿಯನ್ನೂ ತುಳುವಿನಲ್ಲಿ ಹೇಳಿದ. ಕೇಳಿದ ಪ್ರಶ್ನೆಗೆ ಅವನ ಮಟ್ಟಿಗೆ ಅದು ಸರಿಯಾದ ಉತ್ತರ! ಕಾಗದದಲ್ಲಿ ‘ಅಸಂಬದ್ಧ ಉತ್ತರ’ ಎಂದು ಬಿತ್ತು. ಇದು ನಗುವ ವಿಷಯವಾಗಿ ಮುಗಿಯಬಹುದಿತ್ತು, ಆದರೆ ಅಂಥ ನಾಲ್ಕು ಉತ್ತರ ಸೇರಿದರೆ ಬುದ್ಧಿಯ ಪ್ರಮಾಣವೇ ಇಳಿದುಹೋಗುತ್ತದೆ.

ಬುದ್ಧಿಯನ್ನು ಅಳೆಯುವ ಪರೀಕ್ಷೆಗಳಿಗೂ ಭಾಷೆಗೂ ಇರುವ ಸಂಬಂಧವನ್ನು ಸ್ವಲ್ಪ ವಿವರಿಸಬೇಕು. ನಮ್ಮ ದೇಶದಲ್ಲಿ ಬಹಳ ಬಳಕೆಯಲ್ಲಿರುವ ಒಂದು ಪರೀಕ್ಷೆಗೆ ಬಿನೆ-ಕಾಮತ್ ಪರೀಕ್ಷೆ ಎಂದು ಹೆಸರು. ಬಿನೆ ಫ್ರಾನ್ಸಿನವರು. ಕಾಮತ್ ನಮ್ಮವರು. 1930ರ ದಶಕದಲ್ಲಿ ಅವರು ಆ ಪರೀಕ್ಷೆಯನ್ನು ಹೊಂದಿಸಿದ್ದು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗಾಗಿ. ಅಂದರೆ ಕನ್ನಡದ ಮಗುವನ್ನು ಕನ್ನಡದಲ್ಲೇ ಪರೀಕ್ಷಿಸಬೇಕೆಂಬ ಎಚ್ಚರ ಆಗಲೇ ಇತ್ತು. ತೊಂಬತ್ತು ವರ್ಷ ಕಳೆದ ಮೇಲೆ ನಾವು ಅದನ್ನು ಕೇಳಿ ಪಡೆಯಬೇಕಾಗಿದೆ.

ಇನ್ನೊಂದು ಅಳತೆ ವೈನ್‌ಲ್ಯಾಂಡ್ ಸಾಮಾಜಿಕ ಪ್ರೌಢತೆಯ ಮಾಪನ. ಇದರ ವಿಶೇಷವೆಂದರೆ ಇದರಲ್ಲಿ ಪ್ರಶ್ನೆ ಕೇಳುವುದು ಹೆಚ್ಚಾಗಿ ಹೆತ್ತವರನ್ನು. ಮಗು ತಾನೇ ಊಟ ಮಾಡುತ್ತದೆಯೆ, ಬಟ್ಟೆ ಹಾಕಿಕೊಳ್ಳುತ್ತದೆಯೆ, ನೆರೆಮನೆಗೆ ಹೋಗಿ ಬರುತ್ತದೆಯೆ, ಹೇಳಿದ ಕೆಲಸ ಮಾಡುತ್ತದೆಯೆ ಎಂದು. ನಿಮ್ಮ ಉತ್ತರದ ಮೇಲೆ ಅಂಕ. ಆದುದರಿಂದ ಪರೀಕ್ಷೆ ಮಗುವಿಗೆ ಎಂದು ತಿಳಿದು ಹೋದವರು ಅಲ್ಲಿ ತಾವೇ ಪರೀಕ್ಷೆಗೆ ಕುಳಿತಿರುತ್ತಾರೆ, ಅದೂ ಅರ್ಧ ತಿಳಿಯುವ ಭಾಷೆಯಲ್ಲಿ.

ಈ ಉತ್ತರಗಳಲ್ಲಿ ಹೆತ್ತವರು ಎರಡು ರೀತಿಯಿಂದ ಜಾರುವುದನ್ನು ನಾನು ಕಂಡಿದ್ದೇನೆ. ಕೆಲವರು ನಾಚಿಕೆಯಿಂದ ‘ಎಲ್ಲಾ ಮಾಡುತ್ತಾನೆ ಸಾರ್’ ಎನ್ನುತ್ತಾರೆ. ಕೆಲವರು ಶೇಕಡಾ 40 ಬಾರದಿದ್ದರೆ ಪೆನ್ಶನ್ ಸಿಗದು ಎಂದು ಯಾರೋ ಹೇಳಿದ್ದನ್ನು ನೆನೆದು ‘ಏನೂ ಆಗುವುದಿಲ್ಲ’ ಎನ್ನುತ್ತಾರೆ. ಎರಡನೆಯವರನ್ನು ಬೈಯಲು ನನಗೆ ಮನಸ್ಸಿಲ್ಲ. ಬೀಡಿ ಕಟ್ಟಿ ಸಂಸಾರ ನಡೆಸುವ ತಾಯಿಗೆ ತಿಂಗಳಿಗೆ ಬರುವ ಹಣದ ಬೆಲೆ ನಮಗಿಂತ ಚೆನ್ನಾಗಿ ಗೊತ್ತು. ಹೆಚ್ಚಿನ ಸೌಲಭ್ಯಗಳು ಶೇಕಡಾ 40ರಿಂದ ಮೇಲೆ ಎಂಬುದೂ ನಿಜ. ಸರಕಾರ ಒಂದು ಕೈಯಲ್ಲಿ ‘ಮಗುವಿನ ಸಾಮರ್ಥ್ಯ ನೋಡಿ’ ಎಂದು ಬರೆಯುತ್ತದೆ, ಇನ್ನೊಂದು ಕೈಯಲ್ಲಿ ‘ಎಷ್ಟು ಅಸಾಮರ್ಥ್ಯ, ಅಂಕ ಹೇಳು’ ಎನ್ನುತ್ತದೆ. ಈ ವಿರೋಧದ ನಡುವೆ ಸಿಕ್ಕಿಕೊಳ್ಳುವುದು ತಾಯಿ.

ಇದಕ್ಕೆ ನನಗೆ ತೋರುವ ದಾರಿ ಇಷ್ಟು. ‘ಮಾಡುತ್ತಾನೆ’, ‘ಮಾಡುವುದಿಲ್ಲ’ ಎಂಬ ಎರಡೇ ಉತ್ತರಗಳನ್ನು ಬಿಡಿ. ತಾನೇ ಮಾಡುತ್ತಾನೋ, ಹೇಳಿದರೆ ಮಾಡುತ್ತಾನೋ, ಕೈಹಿಡಿದು ಮಾಡಿಸಬೇಕೋ, ಎಲ್ಲವನ್ನೂ ನಾವೇ ಮಾಡಬೇಕೋ ಎಂದು ಬಿಡಿಸಿ ಹೇಳಿ. ‘ಗಂಜಿ ಊಟ ತಾನೇ ಮಾಡುತ್ತಾನೆ, ಆದರೆ ಬಟ್ಟಲು ಹಿಡಿದುಕೊಳ್ಳಲು ಒಬ್ಬರು ಬೇಕು, ಅರ್ಧ ಗಂಟೆ ಬೇಕು’ ಎಂದರೆ ಅದು ನಿಜವೂ ಹೌದು, ಮಗುವಿಗೆ ಅವಮಾನವೂ ಇಲ್ಲ, ಬೇಕಾದ ನೆರವು ಎಷ್ಟು ಎಂಬುದೂ ಕೇಳುವವರಿಗೆ ತಿಳಿಯುತ್ತದೆ. ಒಳ್ಳೆಯ ದಿನ ಹೇಗೆ, ಕೆಟ್ಟ ದಿನ ಹೇಗೆ ಎಂಬುದನ್ನೂ ಹೇಳಿ. ಅಪಸ್ಮಾರ ಇರುವ ಮಗು ನೀವು ಹೋದ ದಿನ ಲವಲವಿಕೆಯಿಂದ ಕುಳಿತಿರಬಹುದು, ಹಿಂದಿನ ವಾರ ಮೂರು ದಿನ ಹಾಸಿಗೆಯಲ್ಲಿ ಇದ್ದದ್ದು ಅವರಿಗೆ ಹೇಗೆ ಗೊತ್ತಾಗಬೇಕು? ಮಗುವಿನ ಎದುರು ಹೇಳಲಾಗದ ಮಾತಿದ್ದರೆ ‘ಇದನ್ನು ಆಮೇಲೆ ಹೇಳುತ್ತೇನೆ’ ಎನ್ನಿ, ಜತೆಗೆ ಬಂದ ಅತ್ತೆಯೋ ಚಿಕ್ಕಮ್ಮನೋ ಮಗುವನ್ನು ಹೊರಗೆ ಕರೆದೊಯ್ಯಲಿ.

ಭಾಷೆಯ ಹಕ್ಕು ಏನು ಎಂದು ಕೇಳಬಹುದು. ಸಂವಿಧಾನದ 350ನೆಯ ವಿಧಿಯ ಪ್ರಕಾರ ಯಾವುದೇ ಅಹವಾಲನ್ನು ಕೇಂದ್ರ ಅಥವಾ ರಾಜ್ಯದ ಯಾವ ಅಧಿಕಾರಿಗಾದರೂ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಸಲ್ಲಿಸಬಹುದು. ಕನ್ನಡ ಈ ರಾಜ್ಯದಲ್ಲಿ ಬಳಕೆಯಲ್ಲಿರುವ ಭಾಷೆ, 1956ರ ನವೆಂಬರ್ 1ಕ್ಕೆ ಮೊದಲೂ ಆಮೇಲೂ. ಕನ್ನಡ, ತಮಿಳು ಅಲ್ಪಸಂಖ್ಯಾತರು ತಮ್ಮ ಪ್ರದೇಶದ ಕಚೇರಿಗಳೊಡನೆ ತಮ್ಮ ಭಾಷೆಯಲ್ಲೇ ಪತ್ರ ವ್ಯವಹಾರ ಮಾಡಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು ಎಂದು ಕೇರಳದ 1969ರ ಅಧಿಕೃತ ಭಾಷೆಯ ಕಾಯಿದೆಯಲ್ಲಿ ಬರೆದರು. ಇನ್ನೊಂದು ಹೊಸ ಆಧಾರವೂ ಇದೆ. 2016ರ ಕಾಯಿದೆ ‘ಸಂವಹನ’ ಎಂಬ ಪದಕ್ಕೆ ವ್ಯಾಖ್ಯೆ ಕೊಡುವಾಗ ಬ್ರೈಲ್, ಸಂಜ್ಞೆ, ದೊಡ್ಡ ಅಕ್ಷರ ಮುಂತಾದವುಗಳ ಜತೆಗೆ ಭಾಷೆಗಳನ್ನೂ ಸೇರಿಸಿದೆ. ಭಾಷೆಯ ಹಕ್ಕಿನ ಹೋರಾಟ ಮಾಡುವವರು ಇದನ್ನು ಹೆಚ್ಚು ಗಮನಿಸಿದಂತಿಲ್ಲ.

ಕಾಯಿದೆ ಹೇಳಿದೆ ಎಂದು ಮೇಜು ಕುಟ್ಟಬೇಕಾಗಿಲ್ಲ. ಅಲ್ಲಿ ಕುಳಿತವರಲ್ಲಿ ಹೆಚ್ಚಿನವರು ಒಳ್ಳೆಯವರು. ತೆಂಕಣ ಜಿಲ್ಲೆಗಳಿಂದ ವರ್ಗವಾಗಿ ಬಂದವರಿಗೆ ಮಲಯಾಳ ತಿಳಿಯದ ಊರು ಕೇರಳದಲ್ಲಿ ಇದೆ ಎಂಬುದೇ ಗೊತ್ತಿರುವುದಿಲ್ಲ. ‘ಸಾರ್, ಮಗುವಿಗೆ ತುಳು ಮತ್ತು ಕನ್ನಡ ಮಾತ್ರ ತಿಳಿಯುತ್ತದೆ. ತಿಳಿದವರು ಒಬ್ಬರು ಕುಳಿತರೆ ಒಳ್ಳೆಯದು’ ಎಂದು ಮೊದಲೇ, ಪ್ರಶ್ನೆ ಶುರುವಾಗುವ ಮೊದಲೇ ಹೇಳಿ. ಒಪ್ಪದಿದ್ದರೆ ‘ಪರೀಕ್ಷೆ ಯಾವ ಭಾಷೆಯಲ್ಲಿ ಆಯಿತು ಎಂದು ವರದಿಯಲ್ಲಿ ಬರೆಯಿರಿ’ ಎಂದು ಕೇಳಿ. ಈ ಒಂದು ಸಾಲು ಮುಂದೆ ಮೇಲ್ಮನವಿಗೆ ಬಹಳ ಉಪಯೋಗ. ವರದಿಯನ್ನು ಪ್ರಶ್ನಿಸಿ ಮೇಲ್ಮನವಿ ಸಲ್ಲಿಸಲು ಕಾಯಿದೆಯಲ್ಲಿ ಅವಕಾಶವಿದೆ.

ಭಾಷಾಂತರಕ್ಕೆ ಯಾರನ್ನು ಕರೆದೊಯ್ಯಬೇಕು? ಮಗುವಿನ ಅಕ್ಕನನ್ನು ಕರೆದೊಯ್ಯಬೇಡಿ. ಏಳನೆಯ ತರಗತಿಯ ಹುಡುಗಿಯ ಬಾಯಿಂದ ತಮ್ಮನ ವಿಷಯವನ್ನೆಲ್ಲ ಹೇಳಿಸುವುದು ಅವಳಿಗೂ ಭಾರ, ಅವನಿಗೂ ಅವಮಾನ. ಎರಡೂ ಭಾಷೆ ಬಲ್ಲ ಅಧ್ಯಾಪಕರೋ ನೆರೆಕರೆಯ ನಂಬಿಕೆಯ ಹಿರಿಯರೋ ಸಾಕು. ಅವರಿಗೆ ಒಂದು ಕಟ್ಟಳೆ: ಕೇಳಿದ್ದನ್ನು ಕೇಳಿದ ಹಾಗೆ, ಹೇಳಿದ್ದನ್ನು ಹೇಳಿದ ಹಾಗೆ ದಾಟಿಸಬೇಕು, ತಾವೇ ಉತ್ತರ ಕೊಡಬಾರದು. ನಮ್ಮ ಊರಿನ ದೊಡ್ಡವರಿಗೆ ಇದು ಸ್ವಲ್ಪ ಕಷ್ಟ. ತಾಯಿ ಬಾಯಿ ತೆರೆಯುವ ಮೊದಲೇ ‘ನಾನು ಹೇಳುತ್ತೇನೆ, ನನಗೆಲ್ಲ ಗೊತ್ತು’ ಎಂದು ಮುಂದೆ ಬರುತ್ತಾರೆ.

ಮಲಯಾಳದಲ್ಲಿ ತುಂಬಿದ ಫಾರಂಗೆ ಓದಿಸದೆ ಸಹಿ ಹಾಕಬೇಡಿ. ‘ಕನ್ನಡದಲ್ಲಿ ಓದಿ ಹೇಳಿದ ಮೇಲೆ ಸಹಿ ಮಾಡಿದೆ’ ಎಂದು ಸಹಿಯ ಮೇಲೆ ಕನ್ನಡದಲ್ಲೇ ಬರೆಯಿರಿ.

ಇನ್ನು ಕೆಲವು ಪ್ರಶ್ನೆಗಳಿವೆ. ‘ನಿಮ್ಮದು ಸೋದರಿಕೆಯ ಮದುವೆಯೆ? ಬಸಿರಿನಲ್ಲಿ ಏನಾದರೂ ಔಷಧಿ ತಿಂದಿರೋ? ಬಿದ್ದಿದ್ದೆಯೋ?’ ವೈದ್ಯರಿಗೆ ಇದು ಬೇಕಾಗಬಹುದು, ಕೇಳಲಿ. ಆದರೆ ಶ್ರವಣಯಂತ್ರದ ಅರ್ಜಿ ತೆಗೆದುಕೊಳ್ಳುವವರಿಗೆ, ಹತ್ತು ಜನ ಸಾಲಿನಲ್ಲಿ ನಿಂತಿರುವಾಗ, ಇದು ಯಾಕೆ ಬೇಕು? ತಾಯಂದಿರಲ್ಲಿ ನನ್ನ ವಿನಂತಿ, ಒಂದು ವಾಕ್ಯವನ್ನು ಮನೆಯಲ್ಲಿ ನಾಲ್ಕು ಸಲ ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿಕೊಳ್ಳಿ: ‘ಈ ಪ್ರಶ್ನೆ ಯಾಕೆ ಸಾರ್?’ ಸಿಟ್ಟಿನಿಂದ ಹೇಳಬೇಕಾಗಿಲ್ಲ. ಉತ್ತರ ಸರಿಯಾಗಿದ್ದರೆ ಹೇಳಿ, ಇಲ್ಲವಾದರೆ ‘ಅದನ್ನು ಡಾಕ್ಟರರಿಗೆ ಹೇಳಿದ್ದೇನೆ’ ಎನ್ನಿ.

ಈ ವಿಷಯದಲ್ಲಿ ನಮ್ಮ ಜಿಲ್ಲೆಗಿರುವಷ್ಟು ಅನುಭವ ಬೇರೆ ಜಿಲ್ಲೆಗೆ ಇರಲಾರದು. ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳಿಗೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಸಿಂಪಡಿಸಿದರು. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಬದಿಯಡ್ಕ, ಕಾರಡ್ಕ, ಮುಳಿಯಾರು ಮೊದಲಾದ ಪಂಚಾಯತಿಗಳ ಕಥೆ ನಿಮಗೆ ನಾನು ಹೇಳಬೇಕಾಗಿಲ್ಲ. 2010ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಪರಿಹಾರಕ್ಕೆ ಶಿಫಾರಸು ಮಾಡಿತು. 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ದೇಶದಲ್ಲೇ ನಿಷೇಧಿಸಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ 5 ಲಕ್ಷ ರೂಪಾಯಿ ಕೊಡಬೇಕೆಂದು ಆದೇಶಿಸಿತು. ಅಷ್ಟರೊಳಗೆ ಆ ಮನೆಗಳ ಅಂಗಳದಲ್ಲಿ ಎಷ್ಟು ಶಿಬಿರದವರು, ಎಷ್ಟು ಪತ್ರಿಕೆಯವರು, ಎಷ್ಟು ಕ್ಯಾಮರಾಗಳು ಬಂದುಹೋದವು! ಪ್ರತಿಯೊಬ್ಬರಿಗೂ ಅದು ಮೊದಲ ಭೇಟಿ. ಆ ತಾಯಿಗೆ ಮಾತ್ರ ಅದು ನೂರನೆಯದು. ಅವರ ಬರವಣಿಗೆಯಿಂದಲೇ ಲೋಕಕ್ಕೆ ವಿಷಯ ಗೊತ್ತಾಯಿತು, ಅದನ್ನು ಮರೆಯಬಾರದು. ಹಾಗಿದ್ದರೂ ಬಟ್ಟೆ ಸರಿಸಿ ಮಗುವಿನ ಮೈ ತೋರಿಸಿ ಎಂದಾಗ ಬೇಡ ಎನ್ನುವ ಹಕ್ಕು ಆ ತಾಯಿಗೆ ಇತ್ತು, ಅದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಫೋಟೋ ತೆಗೆಯುವ ಮೊದಲು ಯಾಕೆ, ಎಲ್ಲಿಗೆ ಎಂದು ಕೇಳಿ. ತಿಳಿಯುವ ವಯಸ್ಸಿನ ಮಗುವಾದರೆ ಮಗುವನ್ನೂ ಕೇಳಿ.

ಇನ್ನೊಂದು ನಾಜೂಕಾದ ವಿಷಯ. ಮೊದಲ ಮಾತುಕತೆಯಲ್ಲೇ ಕೆಲವರು ಹೆತ್ತವರಿಗೆ ಒಂದು ಸಲಹೆ ಕೊಟ್ಟುಬಿಡುತ್ತಾರೆ: ‘ಕನ್ನಡದಲ್ಲಿ ಸ್ಪೆಶಲ್ ಎಜುಕೇಟರ್ ಇಲ್ಲ, ಮಲಯಾಳ ವಿಭಾಗಕ್ಕೆ ಸೇರಿಸಿ, ಎಲ್ಲ ಸಿಗುತ್ತದೆ.’ ಎರಡು ಭಾಷೆಯಲ್ಲೇ ತಡವರಿಸುವ ಮಗುವಿಗೆ ಮೂರನೆಯದನ್ನು ಹೊರಿಸುವುದು ಚಿಕಿತ್ಸೆಯಲ್ಲ. ಇಲ್ಲದಿರುವುದು ಶಿಕ್ಷಕರು, ಬದಲಾಗಬೇಕಾದದ್ದು ಶಿಕ್ಷಕರ ನೇಮಕ, ಮಗುವಿನ ಭಾಷೆಯಲ್ಲ. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಕರ್ಯ ಒದಗಿಸಬೇಕೆನ್ನುವ ಸಂವಿಧಾನದ 350ಎ ವಿಧಿ ಈ ಮಕ್ಕಳನ್ನು ಹೊರಗಿಟ್ಟಿಲ್ಲ. ಶೇಕಡಾ 40 ಮತ್ತು ಮೇಲ್ಪಟ್ಟ ವೈಕಲ್ಯವುಳ್ಳ 6ರಿಂದ 18 ವರ್ಷದ ಮಗುವಿಗೆ ಹತ್ತಿರದ ಶಾಲೆಯಲ್ಲಾಗಲಿ, ತಾನು ಬಯಸಿದ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣ ಪಡೆಯುವ ಹಕ್ಕನ್ನು 2016ರ ಕಾಯಿದೆ ಕೊಟ್ಟಿದೆ. ಆಯ್ಕೆ ನಿಮ್ಮದು. ಆದರೆ, ಇದನ್ನು ನಾನು ಕನ್ನಡ ಅಧ್ಯಾಪಕನಾಗಿಯೇ ಹೇಳುತ್ತೇನೆ, ನಮ್ಮ ಡಿವಿಜನ್ ಉಳಿಯಲಿ, ಒಂದು ತಲೆ ಲೆಕ್ಕಕ್ಕೆ ಸಿಗಲಿ ಎಂದು ಮಗುವನ್ನು ಇಲ್ಲಿ ಹಿಡಿದಿಟ್ಟುಕೊಳ್ಳಬೇಡಿ. ಬಡ್ಸ್ ಶಾಲೆಯಲ್ಲಿ ಫಿಸಿಯೋಥೆರಪಿ ಸಿಕ್ಕಿ ಮಗು ಎದ್ದು ಕುಳಿತುಕೊಳ್ಳುವಂತಾಗುವುದಾದರೆ ಅಲ್ಲಿಗೇ ಹೋಗಲಿ. ಅಲ್ಲಿಯೂ ಕನ್ನಡ ತಿಳಿದವರೊಬ್ಬರು ಬೇಕೆಂದು ನಾವೆಲ್ಲ ಸೇರಿ ಕೇಳೋಣ.

ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕನ್ನಡ ಹೆತ್ತವರಿಗೆ ಎದುರು ಕುಳಿತವರ ಭಾಷೆ ಮರಾಠಿ, ತಾಳವಾಡಿಯಲ್ಲಿ ತಮಿಳು, ಆದವಾನಿ ಮಡಕಶಿರಗಳಲ್ಲಿ ತೆಲುಗು. ಕುರ್ಚಿ ಮೇಜು ಒಂದೇ. 350ನೆಯ ವಿಧಿ ಎಲ್ಲರಿಗೂ ಒಂದೇ. ವೈಕಲ್ಯದ ಪ್ರಮಾಣಪತ್ರವೂ ಒಂದು ರಾಜ್ಯದಲ್ಲಿ ಪಡೆದದ್ದು ಇಡೀ ದೇಶದಲ್ಲಿ ಸಲ್ಲುತ್ತದೆ. ಮಾತು ಮತ್ತು ಶ್ರವಣದ ತೊಂದರೆ ಇದ್ದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡದಲ್ಲೇ ಪರೀಕ್ಷೆ ಮಾಡಿಸಿಕೊಳ್ಳುವ ದಾರಿ ಗಡಿಯ ಕನ್ನಡಿಗರಿಗೆ ಇದೆ. ಅಲ್ಲಿನ ವರದಿಯನ್ನು ಇಲ್ಲಿನವರ ಮುಂದಿಟ್ಟರೆ ಮಾತು ಬೇರೆಯ ಮಟ್ಟದಿಂದ ಆರಂಭವಾಗುತ್ತದೆ.

ಎದ್ದು ಬರುವ ಮೊದಲು ಮಾಡಬೇಕಾದ ಒಂದು ಕೆಲಸವನ್ನು ಹೆಚ್ಚಿನವರು ಮರೆಯುತ್ತಾರೆ. ‘ಇನ್ನು ಮುಂದೆ ಏನು, ಯಾರು ಮಾಡುತ್ತಾರೆ, ಯಾವ ತಾರೀಕಿಗೆ?’ ಎಂದು ಕೇಳಿ ಅಲ್ಲಿಯೇ ಬರೆದುಕೊಳ್ಳಿ. ಬರೆದುಕೊಟ್ಟ ಪ್ರತಿಯೊಂದು ಕಾಗದದ ನಕಲು ತೆಗೆದಿಡಿ. ‘ನೋಡೋಣ’ ಎಂಬುದು ಉತ್ತರವಲ್ಲ.

ಹತ್ತನೆಯ ತರಗತಿಯ ಮಕ್ಕಳ ಹೆತ್ತವರಿಗೆ ಒಂದು ಸೂಚನೆ. ಪರೀಕ್ಷೆಯಲ್ಲಿ ಬರೆದುಕೊಡುವವರು, ಹೆಚ್ಚುವರಿ ಸಮಯ ಮೊದಲಾದ ರಿಯಾಯಿತಿಗಳಿಗೆ ಮೆಡಿಕಲ್ ಬೋರ್ಡಿನ ಕಾಗದ ಬೇಕು. ಫೆಬ್ರವರಿಯಲ್ಲಿ ಓಡಾಡಿದರೆ ಆಗದು, ಎಂಟನೆಯ ತರಗತಿಯಲ್ಲೇ ಮಾಡಿಸಿ. ಬರೆದುಕೊಡುವ ಹುಡುಗನಿಗೆ ಕನ್ನಡ ಬರೆಯಲು ಬರಬೇಕು ಎಂಬುದನ್ನೂ ಮೊದಲೇ ಮುಖ್ಯೋಪಾಧ್ಯಾಯರಲ್ಲಿ ಹೇಳಿಡಿ. ಇದು ಹೇಳಬೇಕಾದ ಮಾತೇ ಎಂದು ನಗಬೇಡಿ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವೈಕಲ್ಯ ಇರುವ ಮಕ್ಕಳಿಗೆ 1999ರ ನ್ಯಾಶನಲ್ ಟ್ರಸ್ಟ್ ಕಾಯಿದೆಯಡಿ ನಿರಾಮಯ ಎಂಬ ಆರೋಗ್ಯ ವಿಮೆ ಇದೆ, ಒಂದು ಲಕ್ಷ ರೂಪಾಯಿಯವರೆಗೆ. 18 ತುಂಬಿದ ಮೇಲೆ ಅಂಥವರ ಪರವಾಗಿ ಸಹಿ ಹಾಕಲು ಹೆತ್ತವರೂ ಜಿಲ್ಲಾಧಿಕಾರಿಗಳಿರುವ ಸಮಿತಿಯಿಂದ ಪಾಲಕರಾಗಿ ನೇಮಕ ಪಡೆಯಬೇಕಾಗುತ್ತದೆ. ಇದರ ವಿವರಕ್ಕೆ ಇನ್ನೊಂದು ಸಭೆಯೇ ಬೇಕು.

ಈಗ ನಾವು ಮಾಡಬಹುದಾದದ್ದು. ಬರುವ ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಶಾಲೆಯಲ್ಲಿ ನಾವು ಮೂವರು ಅಧ್ಯಾಪಕರು ಕುಳಿತಿರುತ್ತೇವೆ. ಬೇಕಾದವರು ಮಗುವನ್ನು ಕರೆದುಕೊಂಡು ಬನ್ನಿ. ಪ್ರತಿ ಮಗುವಿಗೂ ಒಂದೊಂದು ಪುಟದ ಪರಿಚಯ ಬರೆಯೋಣ: ಹೆಸರು, ಮನೆಮಾತು, ಹೌದು-ಅಲ್ಲ ಎನ್ನುವ ರೀತಿ, ಇಷ್ಟವಾದದ್ದು, ತಾನೇ ಮಾಡುವ ಕೆಲಸ, ನೆರವು ಬೇಕಾದ ಕೆಲಸ, ಹೆದರಿಕೆಯಾಗುವ ಸಂಗತಿ, ಮನೆಗೆ ದಾರಿ ಹೇಗೆ, ಮಗುವಿಗೆ ಏನು ಬೇಕು, ಮನೆಯವರಿಗೆ ಏನು ಬೇಕು. ಎಡಬದಿಯಲ್ಲಿ ಕನ್ನಡ, ಬಲಬದಿಯಲ್ಲಿ ಮಲಯಾಳ. ಮಲಯಾಳ ಬರೆದುಕೊಡಲು ನಮ್ಮ ಮಲಯಾಳ ವಿಭಾಗದ ಟೀಚರ್ ಒಪ್ಪಿದ್ದಾರೆ, ಅವರಿಗೆ ಈಗಲೇ ನಿಮ್ಮ ಪರವಾಗಿ ವಂದನೆ ಹೇಳುತ್ತೇನೆ. ಆ ಪುಟವನ್ನು ಫಾರಂನ ಮೇಲೆ ಇಟ್ಟು ಕೊಟ್ಟರೆ ಮೊದಲ ಪ್ರಶ್ನೆ ಬೇರೆಯಾಗುತ್ತದೆ. ರೇಶನ್ ಕಾರ್ಡು, ಆಧಾರ್, ಇದುವರೆಗಿನ ಆಸ್ಪತ್ರೆ ಚೀಟಿಗಳು ಇದ್ದರೆ ತನ್ನಿ, ಇಲ್ಲದಿದ್ದರೂ ಬನ್ನಿ.

ಪ್ರಶ್ನೆಗಳಿದ್ದರೆ ಈಗ ಕೇಳಬಹುದು. ಎಲ್ಲರ ಎದುರು ಕೇಳಲು ಸಂಕೋಚವಾದರೆ ಚಹಾದ ಹೊತ್ತಿಗೆ ಬನ್ನಿ, ನಾನು ಹಿಂದಿನ ಬಾಗಿಲ ಹತ್ತಿರ ಇರುತ್ತೇನೆ.